ಸಣ್ಣ ಕರುಳಿನ ಚಿತ್ರ: ಬೇರಿಯಂ, ಸಿಟಿ, ಎಂ.ಆರ್.

ಊಟವಾದ ಎರಡು ತಾಸಿಗೆ ಬಲಗಡೆಯ ಕೆಳಹೊಟ್ಟೆಯಲ್ಲಿ ಹಿಂಡಿದಂತೆ ಬರುತ್ತಿದ್ದ ನೋವಿನ ಮೂಲ ತಿಳಿಯಲು ನಾನು ಗದಗದಿಂದ ಹುಬ್ಬಳ್ಳಿಗೆ ಓಡಾಡಿ ಮೂರು ಬಗೆಯ ಪರೀಕ್ಷೆಗಳನ್ನು ಮಾಡಿಸಿಕೊಂಡೆ. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿ ಸಣ್ಣ ಕರುಳಿನ ಆರಂಭದಲ್ಲೇ ನಿಲ್ಲುತ್ತದೆ, ಕೊಲೊನೋಸ್ಕೋಪಿ ಅದರ ತುದಿಯನ್ನಷ್ಟೇ ಮುಟ್ಟುತ್ತದೆ. ನಡುವಿನ ಮೀಟರುಗಟ್ಟಲೆ ಕರುಳನ್ನು ನೋಡಲು ಹಿಂದೆ ಮೂಗಿನಿಂದ ಜೆಜುನಮ್‌ವರೆಗೆ (ಸಣ್ಣ ಕರುಳಿನ ನಡುಭಾಗ) ನಳಿಕೆ ಇಳಿಸಿ, ಕರುಳು ಚಿತ್ರದಲ್ಲಿ ಕಾಣುವಂತೆ ಮಾಡುವ ಔಷಧ ತುಂಬುತ್ತಿದ್ದರು. ಆ ಸಂಕಟವಿಲ್ಲದೆ, ಕುಡಿಯುವ ಔಷಧದಿಂದಲೇ ಆಗುವ ಪರೀಕ್ಷೆಗಳಿವು.

ಬೇರಿಯಂ ಎಲ್ಲಕ್ಕಿಂತ ಅಗ್ಗ. ಗಟ್ಟಿ ಮಜ್ಜಿಗೆಯಂತಹ, ಸೀಮೆಸುಣ್ಣದ ರುಚಿಯ ದ್ರವವನ್ನು ಕುಡಿದ ಮೇಲೆ, ಅದು ದೊಡ್ಡ ಕರುಳನ್ನು ಮುಟ್ಟುವವರೆಗೆ ಮತ್ತೆ ಮತ್ತೆ ಎಕ್ಸ್‌-ರೇ ತೆಗೆದರು. ನನಗೆ ನಾಲ್ಕು ತಾಸು ಹಿಡಿಯಿತು. ಕರುಳಿನ ಒಳದಾರಿ ಕಿರಿದಾಗಿರುವುದು ಕಂಡಿತು, ಆದರೆ ಗೋಡೆ ಎಷ್ಟು ದಪ್ಪವಾಗಿದೆ, ಹೊರಗೆ ಗಂಟುಗಳಿವೆಯೇ ಎಂಬುದು ಇದರಲ್ಲಿ ತಿಳಿಯುವುದಿಲ್ಲ.

ಅದನ್ನು ತೋರಿಸಿದ್ದು ಸಿಟಿ ಎಂಟರೋಗ್ರಫಿ, ಅಂದರೆ ಕರುಳನ್ನು ದ್ರವದಿಂದ ಉಬ್ಬಿಸಿ ತೆಗೆಯುವ ಸಿಟಿ ಸ್ಕ್ಯಾನ್, ಅದೂ ಎರಡನೆಯ ಸಲ. ಮೊದಲ ಸಲ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಮ್ಯಾನಿಟಾಲ್ ಬೆರೆಸಿದ ನೀರನ್ನು ಕೊಟ್ಟು ಕುಡಿಯಿರಿ ಎಂದರೇ ಹೊರತು ಹೇಗೆ, ಎಷ್ಟು ಹೊತ್ತಿನಲ್ಲಿ ಎಂದು ಹೇಳಲಿಲ್ಲ. ನಾನು ಅರ್ಧ ಬಿಟ್ಟೆ. ಕರುಳು ಉಬ್ಬಲಿಲ್ಲ, ಮಡಚಿಕೊಂಡ ಕರುಳಿನ ಗೋಡೆ ಆರೋಗ್ಯವಾಗಿದ್ದರೂ ದಪ್ಪಗೆ ಕಾಣುವುದರಿಂದ ವರದಿಯಲ್ಲಿ ಯಾವ ನಿರ್ಧಾರವೂ ಬರಲಿಲ್ಲ. ಮ್ಯಾನಿಟಾಲಿನ ಹೆಚ್ಚಿನಂಶ ದೇಹಕ್ಕೆ ಸೇರದೆ ನೀರನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಆದ್ದರಿಂದ ಕುಡಿಯುವ ಕ್ರಮವೇ ಪರೀಕ್ಷೆಯ ಅರ್ಧ ಭಾಗ. ಎರಡನೆಯ ಸಲ, ಬೇರೆಡೆ, ಹತ್ತು ನಿಮಿಷಕ್ಕೊಂದು ಲೋಟದಂತೆ ಸುಮಾರು ಒಂದೂವರೆ ಲೀಟರ್ ಕುಡಿದು, ಕೊನೆಯ ಲೋಟವನ್ನು ಸ್ಕ್ಯಾನಿನ ಮೇಜಿಗೆ ಹೋಗುವ ಮುನ್ನ ಮುಗಿಸಿದೆ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ಮೊದಲೇ ನೋಡಿದ್ದರು. ಅಯೋಡಿನ್ ಔಷಧ ನರಕ್ಕೆ ಏರಿದಾಗ ಗಂಟಲಿನಿಂದ ಕೆಳಹೊಟ್ಟೆಯವರೆಗೆ ಬಿಸಿ ಇಳಿದಂತಾಯಿತು. ಚಿತ್ರಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿದವು. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ಮಿನ ತುದಿಯಲ್ಲಿ ದಪ್ಪ ಗೋಡೆ, ಪಕ್ಕದಲ್ಲಿ ಊದಿದ ಗಂಟುಗಳು. ಕ್ಷಯವೂ ಕ್ರೋನ್ಸ್ ಕಾಯಿಲೆಯೂ (ಕರುಳಿನ ದೀರ್ಘಕಾಲದ ಉರಿಯೂತ) ಅಲ್ಲಿ ಒಂದೇ ರೀತಿ ಕಾಣಬಲ್ಲವಾದ್ದರಿಂದ, ಚೂರು ತೆಗೆದು ನೋಡುವ ಬಯಾಪ್ಸಿ ಬೇಕೇ ಬೇಕಾಯಿತು, ಕ್ಷಯವೆಂದು ತಿಳಿಯಿತು. ಒಂದು ಎಚ್ಚರಿಕೆ: ಮ್ಯಾನಿಟಾಲ್ ಕುಡಿದವರಿಗೆ ಭೇದಿಯಾಗುತ್ತದೆ, ಕೂಡಲೇ ಗದಗದ ರೈಲು ಹತ್ತಬಾರದು.

ಇರುವ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದೆಂದು ಮಾತ್ರೆಯಂತೆ ನುಂಗುವ ಕ್ಯಾಪ್ಸೂಲ್ ಕ್ಯಾಮೆರಾವನ್ನು ಡಾಕ್ಟರು ಬೇಡವೆಂದರು.

ಕ್ಷಯದ ಆರು ತಿಂಗಳ ಔಷಧ ಮುಗಿದ ಮೇಲೆ, ಅಯಸ್ಕಾಂತದಿಂದ ಚಿತ್ರ ತೆಗೆಯುವ ಎಂ.ಆರ್. ಎಂಟರೋಗ್ರಫಿ ಮಾಡಿಸಿದೆ. ಕುಡಿಯುವುದು ಅಷ್ಟೇ, ಖರ್ಚು ಹೆಚ್ಚು, ಸದ್ದಿನ ನಡುವೆ ಮುಕ್ಕಾಲು ತಾಸು ಉಸಿರು ಹಿಡಿದು ಬಿಡುವ ಕೆಲಸ, ಆದರೆ ಎಕ್ಸ್‌-ರೇ, ಸಿಟಿಗಳಲ್ಲಿರುವ ವಿಕಿರಣ ಇದರಲ್ಲಿಲ್ಲ. ಪದೇ ಪದೇ ನೋಡಬೇಕಾದ ಕಾಯಿಲೆಗೆ, ಅದರಲ್ಲೂ ಎಳೆಯರಿಗೆ, ನಾನು ಇದನ್ನೇ ಆರಿಸುತ್ತೇನೆ. ತುರ್ತು ನೋವಿಗೆ ಸಿಟಿಯೇ ಸರಿ. ಕರುಳಿನ ಚಲನೆ ನಿಲ್ಲಿಸುವ ಇಂಜೆಕ್ಷನ್ ಕೊಡುವ ಮೊದಲು ಅವರು ತೆಗೆದ ಚಲಿಸುವ ಚಿತ್ರವನ್ನು ಡಾಕ್ಟರು ನನಗೆ ತೋರಿಸಿದರು: ಹಿಂದೆ ಹುರಿಯಂತೆ ಕಂಡಿದ್ದ ಇಲಿಯಮ್ಮಿನ ತುದಿ ನಿಧಾನವಾಗಿ ತೆರೆದು, ನೀರನ್ನು ಮುಂದಕ್ಕೆ ಬಿಡುತ್ತಿತ್ತು.