ತಿಂಗಳಿಗೆ 50 ರೂಪಾಯಿಯ ಹರಿತ ಕರ್ಮ ಸೇನೆ: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

5ಕ್ಕೆ 3.5 ಕೊಡುತ್ತೇನೆ. ಮನೆ ಬಾಗಿಲಿಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹೆಂಗಸರಿಗೆ ಮಾತ್ರ ಅಂಕ ಕೊಡುವುದಾದರೆ ಪೂರ್ತಿ 5. ಒಂದೂವರೆ ಕಳೆದದ್ದು ಅವರ ಬೆನ್ನ ಹಿಂದೆ ನಿಲ್ಲಬೇಕಾದ ಆಡಳಿತಕ್ಕೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಒಂದು ಪೇಟೆಯಲ್ಲಿದೆ. ಯಾವ ವಾರ್ಡು, ಯಾವ ಆಫೀಸು ಅಂತ ಬರೆಯುವುದಿಲ್ಲ. ಹೆಸರು ಹಾಕಿದರೆ ಚರ್ಚೆ ಪಕ್ಷದ ಕಡೆಗೆ ಹೋಗುತ್ತದೆ, ಕಸದ ಮಾತು ಅಲ್ಲಿಗೇ ನಿಲ್ಲುತ್ತದೆ.

ಗಡಿಯ ಆಚೆ ಇರುವವರಿಗೆ ಇದು ಏನು ಅಂತ ಸ್ವಲ್ಪ ಹೇಳಬೇಕು. ಮಂಗಳೂರಿನ ನನ್ನ ಅಕ್ಕನ ಮನೆಗೆ ಕಸದ ಗಾಡಿ ಬರುತ್ತದೆ, ಅಡುಗೆಮನೆ ಕಸವನ್ನೂ ಒಯ್ಯುತ್ತದೆ. ಕೇರಳದ ಹೆಚ್ಚಿನ ಕಡೆ ಲೆಕ್ಕ ಬೇರೆ. ಕೊಳೆಯುವ ಕಸ ನಿಮ್ಮದು, ಅದನ್ನು ನಿಮ್ಮ ಅಂಗಳದಲ್ಲೇ ಗೊಬ್ಬರ ಮಾಡಬೇಕು. ಕೊಳೆಯದ ಕಸವನ್ನು ತೊಳೆದು ಒಣಗಿಸಿ ಇಟ್ಟರೆ ಹರಿತ ಕರ್ಮ ಸೇನೆಯವರು ಬಂದು ಒಯ್ಯುತ್ತಾರೆ. ಹೆಚ್ಚಿನವರು ಕುಟುಂಬಶ್ರೀ ಅನ್ನುವ ಸರಕಾರಿ ಸ್ವಸಹಾಯ ಗುಂಪುಗಳ ಹೆಂಗಸರು, ರಾಜ್ಯದಲ್ಲಿ 30 ಸಾವಿರಕ್ಕೂ ಜಾಸ್ತಿ ಇದ್ದಾರೆ. ನಮ್ಮಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ, ಅಂಗಡಿಗೆ 100. ಗೋಡೆಗೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ಬಂದಾಗ ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ, ಹರಿತ ಮಿತ್ರಂ ಆಪ್‌ನಲ್ಲಿ ದಾಖಲಾಗುತ್ತದೆ.

ಇದು ಬರುವ ಮೊದಲು ನಾವು ಏನು ಮಾಡುತ್ತಿದ್ದೆವು? ಬಚ್ಚಲೊಲೆಗೆ ಹಾಕುತ್ತಿದ್ದೆವು. ನಮ್ಮ ಕಡೆ ಇದು ಎಲ್ಲ ಮನೆಯ ಕಥೆ. ಅಡಿಕೆ ಸೋಗೆ, ತೆಂಗಿನ ಗೆರಟೆ, ಅದರ ಜೊತೆಗೇ ಹಾಲಿನ ತೊಟ್ಟೆ, ಚಿಪ್ಸಿನ ಪ್ಯಾಕೆಟ್ಟು, ಒಡೆದ ಬಕೆಟ್ಟು. ಹಂಡೆಯ ನೀರು ಬಿಸಿ ಆಗುತ್ತಿತ್ತು, ಆ ಹೊಗೆ ಮಕ್ಕಳ ಮೂಗಿಗೂ ಹೋಗುತ್ತಿತ್ತು. ಪ್ಲಾಸ್ಟಿಕ್ ಹೀಗೆ ಕಡಿಮೆ ಶಾಖದಲ್ಲಿ ಉರಿದರೆ ಡಯಾಕ್ಸಿನ್‌ನಂಥ ವಿಷ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿಯನ್ನೇ ನಾವು ಬಸಳೆ ಬುಡಕ್ಕೆ ಹಾಕುವುದು. ಉರಿಸದವರು ತೋಡಿನ ಬದಿಗೆ ಎಸೆಯುತ್ತಿದ್ದರು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ಜೂನ್ ತಿಂಗಳ ಒಂದು ಜೋರು ಮಳೆಗೆ ಎಸೆದದ್ದೆಲ್ಲ ತೋಡಿಗೆ, ತೋಡಿನಿಂದ ಹೊಳೆಗೆ, ಅಲ್ಲಿಂದ ಕಡಲಿಗೆ. ಕುಡಿಯುವುದು ಹೆಚ್ಚಿನವರೂ ಬಾವಿಯ ನೀರು, ಗುಡ್ಡೆಯ ಕಡೆ ಇನ್ನೂ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು. ಮುರಕಲ್ಲಿನ ನೆಲದಲ್ಲಿ ಮೇಲಿನ ಕೊಳೆ ಕೆಳಗೆ ಇಳಿಯಲು ತುಂಬಾ ದಿನ ಬೇಕಾಗಿಲ್ಲ.

ಎರಡು ದಶಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಗಾಳಿ ನೀರಿನಲ್ಲಿ ವಿಷ ಸೇರಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಗಿರುವಾಗ ತಿಂಗಳಿಗೆ 50 ರೂಪಾಯಿ ಯಾಕೆ ಕೊಡಬೇಕು ಅಂತ ಕೇಳುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ.

ಈಗ ಸೇವೆಯ ಬಗ್ಗೆ. ನಮ್ಮ ಮನೆಗೆ ಇಬ್ಬರು ಬರುತ್ತಾರೆ, ಒಬ್ಬರು ತುಳು ಮಾತಾಡುವವರು, ಇನ್ನೊಬ್ಬರು ಮಲಯಾಳ. ಹೇಳಿದ ದಿನಕ್ಕೆ ಹೆಚ್ಚುಕಡಿಮೆ ತಪ್ಪದೆ ಬರುತ್ತಾರೆ. ಮೊದಮೊದಲು ನಾವು ಎಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬಿಸಿ ಇಡುತ್ತಿದ್ದೆವು. ಅವರು ಜಗಲಿಯ ಬದಿಯಲ್ಲಿ ಕೂತು ಅದನ್ನು ಸುರಿದು ತೋರಿಸಿದರು: ಹಾಲಿನ ತೊಟ್ಟೆ ಬೇರೆ, ದಪ್ಪ ಪ್ಲಾಸ್ಟಿಕ್ ಬೇರೆ, ಒಳಗೆ ಬೆಳ್ಳಿ ಬಣ್ಣ ಇರುವ ಪ್ಯಾಕೆಟ್ಟುಗಳು ಬೇರೆ. "ಅಕ್ಕಾ, ಹಾಲಿನ ತೊಟ್ಟೆಯನ್ನು ಪೂರ್ತಿ ತುಂಡು ಮಾಡಬೇಡಿ, ಆ ಸಣ್ಣ ಮೂಲೆ ಕೆಳಗೆ ಬಿದ್ದರೆ ಹೆಕ್ಕುವುದಕ್ಕೇ ಆಗುವುದಿಲ್ಲ" ಅಂದರು. ಆವತ್ತಿನಿಂದ ಮೂಲೆ ಕತ್ತರಿಸಿ ಬಿಸಾಡುವುದು ನಮ್ಮಲ್ಲಿ ನಿಂತಿತು. ಯಾವ ಜಾಹೀರಾತೂ ಮಾಡದ ಕೆಲಸವನ್ನು ಈ ಒಂದು ಮಾತು ಮಾಡಿತು.

ತೊಳೆಯದ ಮೀನಿನ ತೊಟ್ಟೆ ಕೊಡುವವರೂ ಇದ್ದಾರೆ. ಅದನ್ನೂ ಮುಖ ಸಿಂಡರಿಸದೆ ಒಯ್ದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಕೊಡಬೇಡಿ. ಪಾತ್ರೆ ತೊಳೆದ ಮೇಲಿನ ನೀರಿನಲ್ಲಿ ಒಮ್ಮೆ ಅದ್ದಿ ಹಗ್ಗಕ್ಕೆ ಹಾಕಿದರೆ ಮುಗಿಯಿತು. ಮಳೆಗಾಲದಲ್ಲಿ ಒಣಗುವುದಿಲ್ಲ ನಿಜ, ನಾವು ಒಲೆಯ ಮೇಲಿನ ಅಟ್ಟದ ಬದಿಯಲ್ಲಿ ನೇತುಹಾಕುತ್ತೇವೆ.

ಪ್ಲಾಸ್ಟಿಕ್ ಪ್ರತಿ ತಿಂಗಳು ಹೋಗುತ್ತದೆ. ಗಾಜು, ಚಪ್ಪಲಿ, ಬ್ಯಾಗು, ಹಳೆ ಬಟ್ಟೆ, ಕೆಟ್ಟುಹೋದ ಚಾರ್ಜರ್ ಬಲ್ಬುಗಳಿಗೆ ಬೇರೆ ಬೇರೆ ತಿಂಗಳು ಇದೆ, ಅದಕ್ಕೊಂದು ಕ್ಯಾಲೆಂಡರ್ ಕೊಡುತ್ತಾರೆ. ಮನೆಯಿಂದ ಹೋದದ್ದು ಮೊದಲು ರಸ್ತೆ ಬದಿಯ ಬಲೆಯ ಪಂಜರಕ್ಕೆ, ಅಂದರೆ ಮಿನಿ ಎಂಸಿಎಫ್‌ಗೆ. ಅಲ್ಲಿಂದ ದೊಡ್ಡ ಸಂಗ್ರಹ ಕೇಂದ್ರಕ್ಕೆ. ಅಲ್ಲಿ ಮತ್ತೆ ವಿಂಗಡಿಸಿ, ಬೆಲೆ ಸಿಗುವುದನ್ನು ಸರಕಾರದ್ದೇ ಆದ ಕ್ಲೀನ್ ಕೇರಳ ಕಂಪನಿಯಂಥವರಿಗೆ ಮಾರುತ್ತಾರೆ. ಯಾವುದಕ್ಕೂ ಆಗದ್ದು ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ ಹೋಗುತ್ತದೆ. ಪುಡಿ ಮಾಡಿದ ಪ್ಲಾಸ್ಟಿಕ್ ಡಾಮರಿನ ಜೊತೆ ರಸ್ತೆಗೂ ಬೀಳುತ್ತದೆ. ಈ ಹೆಂಗಸರಿಗೆ ಸಿಗುವ ಹಣ ಮುಖ್ಯವಾಗಿ ನಮ್ಮ 50 ರೂಪಾಯಿಯಿಂದಲೇ, ಜೊತೆಗೆ ಮಾರಿದ್ದರಲ್ಲಿ ಸ್ವಲ್ಪ. ನಾವು ಕೊಡದಿದ್ದರೆ ಅವರ ಮನೆಗೆ ಅಷ್ಟು ಕಡಿಮೆ. ಗೇಟಿನಲ್ಲಿ ನಿಲ್ಲಿಸಿ ಚೌಕಾಸಿ ಮಾಡುವವರು ಇದನ್ನು ಯೋಚಿಸಬೇಕು.

ಕಾನೂನು ಬಿಗಿಯಾದದ್ದು ಬ್ರಹ್ಮಪುರದ ನಂತರ. 2023ರ ಮಾರ್ಚ್ 2ರಂದು ಕೊಚ್ಚಿಯ ಆ ಕಸದ ರಾಶಿಗೆ ಬೆಂಕಿ ಬಿತ್ತು, ವಾರ ಕಳೆದರೂ ಹೊಗೆ ನಿಲ್ಲಲಿಲ್ಲ. ಹಸಿರು ನ್ಯಾಯಮಂಡಳಿ ಅಲ್ಲಿನ ಕಾರ್ಪೊರೇಷನ್‌ಗೆ 100 ಕೋಟಿ ದಂಡ ಹಾಕಿತು. ಆಮೇಲೆ ಕಾಯ್ದೆ ತಿದ್ದುಪಡಿ ಆಗಿ, ಕಂಡಕಂಡಲ್ಲಿ ಕಸ ಎಸೆದರೆ 50 ಸಾವಿರದವರೆಗೆ ದಂಡ, ಜೈಲೂ ಆಗಬಹುದು ಅಂತ ಬಂತು. ಯೂಸರ್ ಫೀ, ಅಂದರೆ ಈ ತಿಂಗಳ ಹಣ, ಬಾಕಿ ಇಟ್ಟರೆ ಅದಕ್ಕೂ ದಂಡ ಸೇರಿಸಿ ತೆರಿಗೆ ಬಾಕಿಯ ಹಾಗೆ ವಸೂಲಿ ಮಾಡಬಹುದು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ಸೇವೆಗೆ ಸೇರಿದ್ದು ಈ ಹೆದರಿಕೆಗೇ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ. ಹೆದರಿ ಸೇರಿದವರು ಈಗ ಅಭ್ಯಾಸಕ್ಕೆ ಬಂದಿದ್ದಾರೆ.

ಹಾಗಾದರೆ ಅಂಕ ಕಳೆದದ್ದು ಎಲ್ಲಿ?

ಕಸ ನಮ್ಮ ಗೇಟು ದಾಟಿದ ಮೇಲೆ. ನಮ್ಮ ರಸ್ತೆಯ ಮಿನಿ ಎಂಸಿಎಫ್ ಮಳೆಗಾಲದಲ್ಲಿ ತುಂಬಿ ತುಳುಕುತ್ತದೆ. ಲಾರಿ ಬರುವುದು ತಡ. ಗೋಣಿಗಳು ಪಂಜರದ ಹೊರಗೆ ಸಾಲಾಗಿ ಕೂತಿರುತ್ತವೆ. ಅದನ್ನು ನೋಡಿ ರಾತ್ರಿ ಬೈಕಿನಲ್ಲಿ ಬರುವವರು ತಮ್ಮ ಮನೆಯ ಹಸಿ ಕಸವನ್ನೂ ಅಲ್ಲೇ ಇಟ್ಟು ಹೋಗುತ್ತಾರೆ, ನಾಯಿಗಳು ಎಳೆದು ಹಾಕುತ್ತವೆ, ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು ಮೂಗು ಮುಚ್ಚಿಕೊಂಡು ದಾಟುತ್ತಾರೆ, ಕೊನೆಗೆ ಬೈಗುಳ ಮಾತ್ರ ಸೇನೆಯ ಹೆಂಗಸರಿಗೆ. ಲಾರಿ ಕಳಿಸುವುದು ಅವರ ಕೈಯಲ್ಲಿ ಇಲ್ಲ, ಆಫೀಸಿನ ಕೆಲಸ ಅದು. ಬೇಸಿಗೆಯಲ್ಲಿ ಇನ್ನೊಂದು ಭಯ. ಸಂಗ್ರಹ ಕೇಂದ್ರಗಳಿಗೆ ಬೆಂಕಿ ಬಿದ್ದ ಸುದ್ದಿ ಕೇರಳದಲ್ಲಿ ಹಲವು ಸಲ ಬಂದಿದೆ. ಒಣ ಪ್ಲಾಸ್ಟಿಕನ್ನು ತಿಂಗಳುಗಟ್ಟಲೆ ರಾಶಿ ಹಾಕಿದರೆ ಮತ್ತೇನಾಗುತ್ತದೆ? ನಾವು ತೊಳೆದು ಒಣಗಿಸಿ ಕೊಟ್ಟದ್ದು ಅಲ್ಲಿ ಒಟ್ಟಿಗೆ ಉರಿದುಹೋದರೆ, ನಮ್ಮ ಬಚ್ಚಲೊಲೆಯಲ್ಲಿ ಹಾಕಿದ್ದಕ್ಕೂ ಅದಕ್ಕೂ ವ್ಯತ್ಯಾಸ ಏನು ಉಳಿಯಿತು ಹೇಳಿ.

ಹಸಿ ಕಸದ ಮಾತು ಬಂದರೆ, ಅಂಗಳ ಇರುವ ನಮಗೆ ಕಷ್ಟ ಇಲ್ಲ. ಸಬ್ಸಿಡಿಯಲ್ಲಿ ಸಿಕ್ಕಿದ ಬಯೋಬಿನ್, ಅಂದರೆ ಗೊಬ್ಬರ ಮಾಡುವ ಡಬ್ಬಗಳು, ಚೆನ್ನಾಗಿಯೇ ನಡೆಯುತ್ತಿವೆ. ಅಡುಗೆಮನೆ ಕಸದ ಮೇಲೆ ಇನಾಕ್ಯುಲಮ್ (ಕಸ ಕೊಳೆಸುವ ಸೂಕ್ಷ್ಮಜೀವಿಗಳು) ಹಾಕಿದ ತೆಂಗಿನ ನಾರಿನ ಪುಡಿ ಉದುರಿಸುತ್ತಾ ಹೋಗುವುದು, ಒಂದು ಡಬ್ಬ ತುಂಬಿದರೆ ಮುಚ್ಚಿಟ್ಟು ಇನ್ನೊಂದಕ್ಕೆ ಹಾಕುವುದು. ಸಾಂಬಾರು ಸಾರಿನ ನೀರು ಬಸಿಯದೆ ಹಾಕಿದರೆ ಮಾತ್ರ ಹುಳ, ವಾಸನೆ. ಪುಡಿ ಮುಗಿದಾಗ ಹೊಸದು ಬೇಗ ಸಿಗುವುದಿಲ್ಲ, ನಾವು ಒಣ ತರಗೆಲೆ ಮತ್ತು ಸ್ವಲ್ಪ ಸೆಗಣಿ ನೀರಿನಲ್ಲಿ ಸುಧಾರಿಸುತ್ತೇವೆ. ಆದರೆ ಪೇಟೆಯ ಬಾಡಿಗೆ ರೂಮಿನಲ್ಲಿ, ಫ್ಲ್ಯಾಟಿನ ಮೂರನೇ ಮಾಳಿಗೆಯಲ್ಲಿ ಇರುವವರು ಏನು ಮಾಡಬೇಕು? ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದವರು ಒಂದೇ ಕೋಣೆಯಲ್ಲಿ ಐದಾರು ಜನ ಇರುತ್ತಾರೆ, ಅವರಿಗೆ ಅಂಗಳ ಎಲ್ಲಿದೆ? ಗಾಳಿಯಾಡುವ ಹಾಗೆ ಕಟ್ಟುವ ತುಂಬೂರ್ಮುಳಿ ಮಾದರಿಯ ಗೊಬ್ಬರದ ಕಟ್ಟೆಗಳನ್ನು ಬೀದಿಗೊಂದು ಕಟ್ಟಿ, ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟರೆ ಆಗುತ್ತದೆ. ನಮ್ಮಲ್ಲಿ ಕಟ್ಟಿದ ಒಂದು ಕಟ್ಟೆ ನೋಡುವವರಿಲ್ಲದೆ ಬಳ್ಳಿ ಹಬ್ಬಿ ನಿಂತಿದೆ. ಆಮೇಲೆ ಸೇತುವೆಯ ಬಳಿ ಕಸ ಎಸೆದರು ಅಂತ ಅದೇ ಬಾಡಿಗೆ ಮನೆಯವರಿಗೆ ದಂಡ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಡಯಾಪರ್ ವಿಷಯ. ಅತ್ತೆಯವರು ಬಹಳ ದಿನ ಹಾಸಿಗೆಯಲ್ಲೇ ಇದ್ದರು. ದಿನಕ್ಕೆ ಎರಡು ಮೂರು ಡಯಾಪರ್ ಬೇಕಾಗುತ್ತಿತ್ತು. ನಮ್ಮಲ್ಲಿ ಸೇನೆಯವರು ಅದನ್ನು ಒಯ್ಯುವುದಿಲ್ಲ. ಅವರನ್ನು ದೂರುವ ಹಾಗಿಲ್ಲ, ಕೈಯಲ್ಲಿ ಮುಟ್ಟಿ ವಿಂಗಡಿಸುವ ವಸ್ತು ಅಲ್ಲ ಅದು. ಬಯೋಬಿನ್‌ಗೆ ಹಾಕಲು ಬರುವುದಿಲ್ಲ, ಒಳಗೆ ಇರುವುದು ಪ್ಲಾಸ್ಟಿಕ್ ಮತ್ತು ನೀರು ಹೀರುವ ಜೆಲ್. ಉರಿಸಿದರೆ ಒದ್ದೆ ಇರುವುದರಿಂದ ಸರಿಯಾಗಿ ಉರಿಯುವುದೂ ಇಲ್ಲ, ಬರೀ ಹೊಗೆ. ಹೂಳಿದರೆ ಬಾವಿ ಹತ್ತಿರ. ಆಫೀಸಿನಲ್ಲಿ ಕೇಳಿದರೆ "ಅದಕ್ಕೆ ಬೇರೆ ವ್ಯವಸ್ಥೆ ಬರುತ್ತದೆ" ಅಂದರು. ಅದು ಬರುವ ಮೊದಲೇ ಅತ್ತೆ ತೀರಿಕೊಂಡರು.

ಮನೆ ಮನೆಗೆ ಪ್ಯಾಲಿಯೇಟಿವ್ ನರ್ಸ್ ಕಳಿಸುವ ರಾಜ್ಯ ಇದು, ಆ ವಿಷಯದಲ್ಲಿ ನನಗೆ ತುಂಬಾ ಹೆಮ್ಮೆ ಇದೆ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿ ಇದ್ದಾರೆ ಅಂತ ಆ ನರ್ಸಿನ ಪಟ್ಟಿಯಲ್ಲೇ ಇರುತ್ತದೆ. ವಾರಕ್ಕೆ ಎರಡು ಸಲ ಮುಚ್ಚಿದ ಗಾಡಿ ಅಷ್ಟು ಮನೆಗಳಿಗೆ ಹೋದರೆ ಸಾಕು. ಕೆ.ಜಿ.ಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡರೂ ಕೊಡಲು ಜನ ಸಿದ್ಧ ಇದ್ದಾರೆ, ಕೊಡಲಾಗದ ಮನೆಗೆ ಉಚಿತ ಮಾಡಿ. ಮುಟ್ಟಿನ ಪ್ಯಾಡುಗಳಿಗೂ ಅದೇ ಗಾಡಿ ಆಗುತ್ತದೆ. ವಿಶ್ವಬ್ಯಾಂಕ್ ನೆರವಿನ ಘನತ್ಯಾಜ್ಯ ಯೋಜನೆ ಕೇರಳದ 93 ನಗರ ಸಂಸ್ಥೆಗಳಲ್ಲಿ ನಡೆಯುತ್ತಿದೆ, ಹಣ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕನ್ನಡ. ನಮಗೆ ಬಂದ ಕ್ಯಾಲೆಂಡರ್, ನೋಟೀಸು, ದಂಡದ ಎಚ್ಚರಿಕೆ ಎಲ್ಲ ಮಲಯಾಳದಲ್ಲಿ. ಮಕ್ಕಳಿಗೆ ಓದಲು ಬರುತ್ತದೆ, ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಾವನಂಥವರಿಗೆ ಬರುವುದಿಲ್ಲ. ಯಾವ ತಿಂಗಳು ಗಾಜು, ಯಾವ ತಿಂಗಳು ಬಟ್ಟೆ ಅಂತ ಗೊತ್ತಾಗದೆ ಒಡೆದ ಬಾಟಲಿಗಳನ್ನು ತೋಟದ ಮೂಲೆಯಲ್ಲಿ ಹೂಳಿದ ಮನೆಗಳಿವೆ, ಮುಂದೆ ಯಾರ ಕಾಲಿಗೆ ಚುಚ್ಚುತ್ತದೋ. ಕಾಸರಗೋಡಿನ ಕನ್ನಡಿಗರಿಗೆ ಸರಕಾರಿ ಆಫೀಸಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕಾನೂನಿನಲ್ಲಿದೆ. ನಾನು ಕನ್ನಡದಲ್ಲೇ ಅರ್ಜಿ ಕೊಟ್ಟೆ. ಒಂದು ವರ್ಷದ ಕ್ಯಾಲೆಂಡರ್ ಕನ್ನಡದಲ್ಲೂ ಬಂತು, ಮರುವರ್ಷ ಮತ್ತೆ ಇಲ್ಲ. ಪ್ರತಿ ವರ್ಷ ಕೇಳಬೇಕಾದ ವಿಷಯವಾ ಇದು?

2024ರ ಅಕ್ಟೋಬರ್ 2ರಿಂದ 2025ರ ಮಾರ್ಚ್ 30ರವರೆಗೆ ದೊಡ್ಡ ಅಭಿಯಾನ ನಡೆಯಿತು, ಮಾಲಿನ್ಯ ಮುಕ್ತ ನವಕೇರಳ ಅಂತ. ಆ ಆರು ತಿಂಗಳು ನಮ್ಮ ಪೇಟೆ ನಿಜವಾಗಿಯೂ ಚಂದ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಬಾಟಲ್ ಬೂತ್ ಬಂತು, ರಾಶಿ ಬಿದ್ದ ಜಾಗದಲ್ಲಿ ಗಿಡ ನೆಟ್ಟರು, ತೋಡಿಗೆ ಇಳಿದು ಯುವಕರು ಗೋಣಿಗಟ್ಟಲೆ ಕಸ ತೆಗೆದರು. ಬೋರ್ಡು ಹಾಕಿ ಘೋಷಣೆಯೂ ಆಯಿತು. ಅದಾದ ಮೇಲೆ ಬೂತಿನ ಬಾಟಲಿ ಖಾಲಿ ಮಾಡುವವರು ಬರುವುದು ಕಡಿಮೆಯಾಯಿತು. ಗುರಿ ಮುಟ್ಟಿದ ದಿನವೇ ಕೆಲಸ ಮುಗಿಯಿತು ಅಂತ ಆಡಳಿತ ಅಂದುಕೊಂಡರೆ ಹೀಗಾಗುತ್ತದೆ. 2019ರ ಆಗಸ್ಟಿನಲ್ಲಿ ಪಕ್ಕದ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಂದಾರದ ಮನೆ ತೋಟಗಳ ಮೇಲೆ ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಕಸವನ್ನು ಒಂದೇ ಕಡೆ ಗುಡ್ಡ ಮಾಡದೆ ಮನೆಮನೆಯಲ್ಲೇ ವಿಂಗಡಿಸುವ ನಮ್ಮ ಕ್ರಮ ಅದಕ್ಕಿಂತ ಎಷ್ಟೋ ವಾಸಿ, ಇದರಲ್ಲಿ ನನಗೆ ಸಂಶಯ ಇಲ್ಲ. ಆದ್ದರಿಂದಲೇ ಇದು ಹಾಳಾಗಬಾರದು ಅಂತ ಇಷ್ಟು ಉದ್ದ ಬರೆಯುತ್ತಿರುವುದು.

ಹೊಸದಾಗಿ ಸೇರುವವರಿಗೆ ಕೆಲವು ಮಾತು. ಹಣ ಕೊಟ್ಟ ಕೂಡಲೇ ರಸೀದಿ ಕೇಳಿ ತೆಗೆದುಕೊಳ್ಳಿ, ನಮ್ಮಲ್ಲಿ ಆಫೀಸಿನ ಬೇರೆ ಕೆಲಸಕ್ಕೆ ಹೋದಾಗಲೂ ಅದನ್ನು ಕೇಳಿದ್ದಾರೆ. ಗಲ್ಫಿಗೋ ಮಕ್ಕಳ ಮನೆಗೋ ಹೋಗಿ ತಿಂಗಳುಗಟ್ಟಲೆ ಮನೆ ಮುಚ್ಚುವುದಿದ್ದರೆ ಮೊದಲೇ ಬರೆದು ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಬಾಕಿ ಸೇರುತ್ತಾ ಹೋಗುತ್ತದೆ. ಒಡೆದ ಗಾಜನ್ನು ದಪ್ಪ ರಟ್ಟಿನಲ್ಲಿ ಸುತ್ತಿ ಮೇಲೆ ಬರೆದಿಡಿ, ಹೆಂಗಸರ ಕೈ ಕೊಯ್ದದ್ದನ್ನು ನಾನು ಕಂಡಿದ್ದೇನೆ. ಲಾರಿ ಬರಲಿಲ್ಲ, ಪಂಜರ ತುಂಬಿದೆ ಅಂತಾದರೆ ಆ ಹೆಂಗಸರ ಮೇಲೆ ರೇಗಬೇಡಿ, ಫೋಟೋ ತೆಗೆದು ನೇರ ಕೌನ್ಸಿಲರ್‌ಗೆ ಕಳಿಸಿ, ವಾರ್ಡ್ ಸಭೆಯಲ್ಲಿ ಎದ್ದು ಕೇಳಿ. ನಾವು ನಾಲ್ಕೈದು ಮನೆಯವರು ಸೇರಿ ಡಯಾಪರ್ ಗಾಡಿಯ ಅರ್ಜಿಯನ್ನು ಮುಂದಿನ ವಾರ್ಡ್ ಸಭೆಗೆ ಮತ್ತೆ ಕೊಡುತ್ತಿದ್ದೇವೆ, ಕನ್ನಡದಲ್ಲೂ ಮಲಯಾಳದಲ್ಲೂ. ಗಾಡಿ ಬಂದ ದಿನ ಇಲ್ಲಿಗೆ ಬಂದು ಅಂಕ ತಿದ್ದುತ್ತೇನೆ.