ಮೀಟರ್ ಹಸಿರು, ಚೆಂಡೆ ಚೂರು: ಯಕ್ಷಗಾನ ಆಟ ರೆಕಾರ್ಡ್ ಮಾಡ್ಲಿಕ್ಕೆ ಹೊರಟವರು ಒಮ್ಮೆ ಓದಿ

ನನ್ನ ಹತ್ರ ಒಂದು ಫೈಲ್ ಉಂಟು. ನಾಲ್ಕು ಗಂಟೆ ಚಿಲ್ಲರೆ, 24 ಬಿಟ್, 48 ಕಿಲೋಹರ್ಟ್ಸ್, ಹತ್ತಿರ ಹತ್ತಿರ ನಾಲ್ಕೂವರೆ ಜಿಬಿ. ನಮ್ಮ ಕಡೆಯ ಒಬ್ಬರು ಹಿರಿಯ ಭಾಗವತರ (ಆಟದಲ್ಲಿ ಹಾಡುವವರು) ಪದ ಅದು, ಆ ವರ್ಷ ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಆದ್ಮೇಲೆ ಅವರು ಮೇಳ ಬಿಟ್ರು, ಈಗ ಹಾಡೋದಿಲ್ಲ. ಆ ಫೈಲ್ ಅನ್ನು ಇವತ್ತಿನವರೆಗೂ ನಂಗೆ ಹತ್ತು ನಿಮಿಷದ ಮೇಲೆ ಕೇಳ್ಲಿಕ್ಕೆ ಆಗಿಲ್ಲ. ಯಾಕೆ ಅಂತ ಬರೀತೇನೆ, ಸ್ವಲ್ಪ ಉದ್ದ ಆಗಬಹುದು, ಆದ್ರೆ ಈ ಸೀಸನ್‌ಗೆ ಮೈಕ್ ತಗೊಳ್ಳುವ ಯೋಚನೆ ಇದ್ದವರು ದುಡ್ಡು ಕೊಡೋ ಮೊದಲು ಓದಿದ್ರೆ ಒಳ್ಳೇದು.

ಆ ರಾತ್ರಿ ನಾನು ರೆಕಾರ್ಡರ್‌ನ ಮೀಟರ್ (ಸೌಂಡಿನ ಮಟ್ಟ ತೋರಿಸೋದು, ಸೊನ್ನೆ ಮುಟ್ಟಿದ್ರೆ ಸೌಂಡ್ ಒಡೀತದೆ) ನೋಡ್ತಾನೇ ಕೂತಿದ್ದೆ ಮಾರ್ರೆ. ಕಣ್ಣು ಮುಚ್ಚಿಲ್ಲ, ಚರುಂಬುರಿ ತಿನ್ಲಿಕ್ಕೂ ಎದ್ದು ಹೋಗಿಲ್ಲ. ಪೀಕ್ ಮೈನಸ್ 12 ದಾಟ್ಲಿಲ್ಲ, ಕೆಂಪು ದೀಪ ಒಂದ್ಸಲವೂ ಹತ್ತಲಿಲ್ಲ, ಬೆಳಿಗ್ಗೆ ಬಸ್ಸಲ್ಲಿ ಬರುವಾಗ ಎಂತ ಖುಷಿ. ಮನೆಗೆ ಬಂದು ಹೆಡ್‌ಫೋನ್ ಹಾಕಿದ್ರೆ, ಭಾಗವತರು ಬರೀ ಮದ್ದಳೆ ಜೊತೆ ಹಾಡುವಲ್ಲಿ ಎಲ್ಲ ಚಂದ, ಚೆಂಡೆ ಪೆಟ್ಟು ಬಿದ್ದ ಕೂಡ್ಲೆ ತಗಡಿನ ಡಬ್ಬಿಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ, ಅದರ ಹಿಂದೆ ಭಾಗವತರ ಸ್ವರವೂ ಹರಿದು ಚಿಂದಿ. ಆಟದಲ್ಲೇ ಹೆಡ್‌ಫೋನ್ ಹಾಕಿ ನೋಡ್ಬೇಕಿತ್ತಲ್ಲ ಅಂತ ಕೇಳ್ಬೇಡಿ, ಹಾಕಿದ್ದೆ, ಹದಿನೈದಡಿ ದೂರದಲ್ಲಿ ಚೆಂಡೆ ಬಾರಿಸ್ತಾ ಇದ್ರೆ ಹೆಡ್‌ಫೋನ್ ಒಳಗೆ ಕೇಳೋದು ಯಾವುದು ಹೊರಗಿಂದ ತೂರಿ ಬರೋದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗೋದಿಲ್ಲ.

ಆಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ಹಾಕಿ ಜೂಮ್ ಮಾಡಿ ನೋಡಿದೆ. ಅಲೆಯ ತಲೆ ಎಲ್ಲ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ಸೊನ್ನೆಯಲ್ಲಿ ಚಪ್ಪಟೆ ಆಗಿದ್ರೆ ಸರಿ, ಗೇನ್ (ರೆಕಾರ್ಡರ್ ಸೌಂಡನ್ನು ಎಷ್ಟು ದೊಡ್ಡ ಮಾಡ್ತದೆ ಅನ್ನೋದು) ಜಾಸ್ತಿ ಆಯ್ತು ಅಂತ ಬೈಕೊಳ್ತಿದ್ದೆ. ಇದು ಮೈನಸ್ 14ರಲ್ಲಿ ಚಪ್ಪಟೆ. ಅಂದ್ರೆ ರೆಕಾರ್ಡರ್ ಮೀಟರ್ ಅಳೆಯೋ ಜಾಗಕ್ಕೆ ಬರುವ ಮೊದಲೇ ಸೌಂಡ್ ಒಡೆದು ಬಂದಿದೆ, ಮೀಟರ್ ಪಾಪ ಒಡೆದ ಸೌಂಡನ್ನು ಸರಿಯಾಗೇ ಅಳೆದು ಎಲ್ಲ ಕ್ಷೇಮ ಅಂತ ತೋರಿಸಿದೆ.

ನಾನು ತಗೊಂಡಿದ್ದು ಒಂದು ಜೋಡಿ ಸಣ್ಣ ಎಲೆಕ್ಟ್ರೆಟ್ ಮೈಕ್, 8,500 ರೂಪಾಯಿ, 3.5 ಎಂಎಂ ಪಿನ್, ನೇರ ಪಾಕೆಟ್ ರೆಕಾರ್ಡರ್‌ನ ಮೈಕ್ ತೂತಿಗೆ. ಪ್ಲಗ್ ಇನ್ ಪವರ್ ಅಂತಾರಲ್ಲ ಅದು. ರೆಕಾರ್ಡರ್ ಆ ತೂತಿಂದಲೇ ಮೈಕಿಗೆ ಎರಡೂವರೆ ಮೂರು ವೋಲ್ಟ್ ಕೊಡ್ತದೆ. ಕ್ಯಾಪ್ಸೂಲ್ ಒಳಗಿರುವ ಪುಟಾಣಿ ಎಫ್‌ಇಟಿ (ಒಂದು ತರದ ಟ್ರಾನ್ಸಿಸ್ಟರ್) ಆ ಮೂರು ವೋಲ್ಟಲ್ಲೇ ಆಚೆ ಈಚೆ ಆಡ್ಬೇಕು, ಮಾತಿಗೆ, ವೀಣೆಗೆ, ಹಕ್ಕಿ ಕೂಗಿಗೆ ಅಷ್ಟು ಧಾರಾಳ ಸಾಕು. ಚೆಂಡೆ ಪೆಟ್ಟಿಗೆ ಅದು ಗೋಡೆಗೆ ತಲೆ ಹೊಡ್ಕೊಳ್ತದೆ. ನಾನು ಮಾಡಿದ್ದು ಎಂತ ಅಂದ್ರೆ ಸೌಂಡ್ ಜಾಸ್ತಿ ಅನ್ನಿಸಿದಾಗೆಲ್ಲ ಗೇನ್ ಇಳಿಸ್ತಾ ಹೋದದ್ದು, ಹಾಲು ಒಡೆದ ಮೇಲೆ ಒಲೆ ಸಣ್ಣ ಮಾಡಿದ ಹಾಗೆ. ಗೇನ್ ಗುಂಡಿ ಇರೋದು ಮೈಕ್ ಆದ ಮೇಲೆ. ಅದನ್ನು ತಿರುಗಿಸಿದ್ರೆ ಒಡೆದ ಸೌಂಡ್ ಸಣ್ಣದಾಗ್ತದೆ ಅಷ್ಟೆ.

ಇದಕ್ಕೆ ಹಳೇ ಮದ್ದು ಒಂದುಂಟು, ಬ್ಯಾಟರಿ ಬಾಕ್ಸ್. ಒಂದು ಪುಟ್ಟ ಡಬ್ಬಿ, ಒಳಗೆ 9 ವೋಲ್ಟ್ ಬ್ಯಾಟರಿ, ಎರಡು ರೆಸಿಸ್ಟರ್, ಎರಡು ಕೆಪಾಸಿಟರ್. ಮೈಕ್ ಅದಕ್ಕೆ, ಅದರಿಂದ ರೆಕಾರ್ಡರ್‌ನ ಲೈನ್ ಇನ್‌ಗೆ (ಜೋರು ಸಿಗ್ನಲ್ ತಗೊಳ್ಳುವ ತೂತು), ಮೈಕ್ ಇನ್‌ಗೆ ಅಲ್ಲ. ಎಫ್‌ಇಟಿಗೆ ಆಡ್ಲಿಕ್ಕೆ ಜಾಗ ಸಿಗ್ತದೆ, ರೆಕಾರ್ಡರ್‌ನ ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡ ಮಾಡುವ ಭಾಗ) ಕೂಡ ದಾರಿಯಿಂದ ಆಚೆ ಹೋಗ್ತದೆ. ಬೆಸುಗೆ ಬರುವವರು ಒಂದು ಸಂಜೆಯಲ್ಲಿ ಮಾಡ್ಬಹುದು. ಇದು ನಂಗೆ ಗೊತ್ತಾಗಿದ್ದು ಆಟ ಮುಗಿದು ಮೂರು ವಾರ ಆದ್ಮೇಲೆ.

ಮಾರಿದವರ ಹತ್ರ ಮೊದಲೇ ಫೋನಲ್ಲಿ ಕೇಳಿದ್ದೆ, ಜೋರು ಸೌಂಡಿಗೆ ಆಗ್ತದಾ, ಚೆಂಡೆ ಅಂತ ಒಂದು ಉಂಟು ಅಂತ. "ಸರ್ ನೋ ಪ್ರಾಬ್ಲಂ, ರಾಕ್ ಬ್ಯಾಂಡಿಗೇ ಕೊಟ್ಟಿದೀವಿ." ಪೆಟ್ಟಿಗೆ ಮೇಲೆ ಲೈವ್ ಕನ್ಸರ್ಟ್ ಅಂತ ಗಿಟಾರ್ ಹುಡುಗನ ಫೋಟೋ ಬೇರೆ. ಮ್ಯಾಕ್ಸಿಮಮ್ ಎಸ್‌ಪಿಎಲ್ (ಮೈಕ್ ಒಡೆಯದೆ ತಡೆಯುವ ಅತಿ ಜೋರು ಸೌಂಡ್) ಎಷ್ಟು ಅಂತ ಎಲ್ಲೂ ಇಲ್ಲ. ವಾಪಸ್ ಮಾಡ್ತೇನೆ ಅಂದಾಗ ಪ್ಯಾಕೆಟ್ ಒಡೆದಿದೆ ಅಂದ್ರು, ಕತೆ ಮುಗೀತು. ಹಾಗಾಗಿ ಒಂದು ಮಾತು, ಯಾವ ಮೈಕಿನ ಸ್ಪೆಕ್ ಹಾಳೆಯಲ್ಲಿ ಮ್ಯಾಕ್ಸಿಮಮ್ ಎಸ್‌ಪಿಎಲ್ ಬರ್ದಿಲ್ವೋ, ಸೆನ್ಸಿಟಿವಿಟಿ (ಎಷ್ಟು ಸೌಂಡಿಗೆ ಎಷ್ಟು ವೋಲ್ಟ್ ಕೊಡ್ತದೆ ಅನ್ನೋದು) ಬರ್ದಿಲ್ವೋ, ಅದನ್ನು ಚೆಂಡೆ, ತಮಟೆ, ಡೊಳ್ಳು, ನಾದಸ್ವರ ಯಾವುದರ ಎದುರಿಗೂ ಇಡ್ಬೇಡಿ. ಬರೆದಿದ್ರೂ ಎಷ್ಟು ವೋಲ್ಟ್ ಕೊಟ್ಟಾಗ ಆ ನಂಬರ್ ಅಂತ ನೋಡಿ, 9 ವೋಲ್ಟಿನ ನಂಬರ್ ಬರ್ದು ಮೂರು ವೋಲ್ಟಿನ ರೆಕಾರ್ಡರ್‌ಗೆ ಮಾರೋರು ಇದ್ದಾರೆ.

ಲೆಕ್ಕ ಕಷ್ಟದ್ದಲ್ಲ. ನಾಯ್ಮನ್ ಕಂಪನಿಯ ಕೆಎಂ 184 ಮೈಕ್ ತಗೊಳ್ಳಿ (ತಗೊಳ್ಳಿ ಅಂದ್ರೆ ಲೆಕ್ಕಕ್ಕೆ, ಅಷ್ಟು ದುಡ್ಡು ನನ್ನ ಹತ್ರವೂ ಇಲ್ಲ). 94 ಡೆಸಿಬಲ್ ಸೌಂಡಿಗೆ ಅದು 15 ಮಿಲಿವೋಲ್ಟ್ ಕೊಡ್ತದೆ. 20 ಡೆಸಿಬಲ್ ಏರಿದ್ರೆ ಹತ್ತು ಪಟ್ಟು, ಹಾಗಾಗಿ 114ಕ್ಕೆ 150 ಮಿಲಿವೋಲ್ಟ್. ಇನ್ನು ಪ್ರತಿ 6 ಡೆಸಿಬಲ್‌ಗೆ ಡಬಲ್, 120ಕ್ಕೆ 300, 126ಕ್ಕೆ 600. ಮೈಕ್ 138ರವರೆಗೂ ತಡೀತದೆ ಅಂತ ಕಂಪನಿ ಹೇಳ್ತದೆ, ಅದು ಆರಾಮಾಗಿ ಕೂತಿರ್ತದೆ, ಆದ್ರೆ ಅರ್ಧ ವೋಲ್ಟ್ ಮೇಲೆ ಬಂದು ಬಿದ್ರೆ ಮಾತಿಗೆ ಅಂತ ಮಾಡಿದ ಸಣ್ಣ ಪ್ರೀಆಂಪ್ ಕತೆ ಏನು? ಎಷ್ಟೋ ರೆಕಾರ್ಡರ್‌ಗಳಲ್ಲಿ ಗೇನ್ ಗುಂಡಿಗೂ ಮೊದಲು ಒಂದು ಹಂತ ಇರ್ತದೆ, ಅದು ಅಲ್ಲೇ ಉಸಿರು ಕಟ್ಟಿ ಬೀಳ್ತದೆ, ಮತ್ತೆ ಅದೇ ಮೋಸ, ಮೀಟರ್ ಹಸಿರು. ನನ್ನ ಒಂದು ಅಂದಾಜು ಹೇಳ್ತೇನೆ, ಗೇನ್ ಗುಂಡಿಯನ್ನು ಹತ್ತರಲ್ಲಿ ಒಂದಕ್ಕೋ ಒಂದೂವರೆಗೋ ಇಳಿಸಿದ್ರೆ ಮಾತ್ರ ಮೀಟರ್ ಸರಿ ಕಾಣ್ತದೆ ಅಂತಾದ್ರೆ ಅಲ್ಲೇ ನಿಲ್ಲಿಸಿ, 20 ಡೆಸಿಬಲ್ ಪ್ಯಾಡ್ (ಸಿಗ್ನಲ್ ಇಳಿಸುವ ಸಣ್ಣ ಸರ್ಕ್ಯೂಟ್) ಹಾಕಿ ಇಲ್ಲ ಮೈಕ್ ಸೆನ್ಸಿಟಿವಿಟಿ ಸ್ವಿಚ್ ಇದ್ರೆ ಲೋಗೆ ತನ್ನಿ. ಹಳೇ ಸೋನಿ ಪಿಸಿಎಂ ಎಂ10ನಲ್ಲಿ ಅಂಥ ಸಣ್ಣ ಸ್ವಿಚ್ ಒಂದಿತ್ತು, ಎಷ್ಟೋ ಜನ ಅದನ್ನು ಮುಟ್ಟಿಯೇ ನೋಡಿರ್ಲಿಕ್ಕಿಲ್ಲ. ಮೈಕೇ ಒಡೆದಿದ್ರೆ ಮಾತ್ರ ಪ್ಯಾಡ್ ಹಾಕಿ ಎಂತದೂ ಪ್ರಯೋಜನ ಇಲ್ಲ, ಪ್ಯಾಡ್ ಅದರ ನಂತರದ್ದು.

ಈಗ ಎಲ್ಲರೂ 32 ಬಿಟ್ ಫ್ಲೋಟ್ ರೆಕಾರ್ಡರ್ (ತೀರ ಸಣ್ಣ ಸೌಂಡಿಂದ ತೀರ ಜೋರಿನವರೆಗೆ ಒಟ್ಟಿಗೇ ಹಿಡಿಯುವಂಥದ್ದು) ತಗೊಳ್ಳಿ, ಲೆವೆಲ್ ಚಿಂತೆಯೇ ಇಲ್ಲ ಅಂತಾರೆ. ಒಳ್ಳೇದೇ, ನಾನೂ ಈಗ ಝೂಮ್ ಎಫ್3 ಇಟ್ಕೊಂಡಿದ್ದೇನೆ, ಅದರಲ್ಲಿ ಗೇನ್ ಗುಂಡಿಯೇ ಇಲ್ಲ. ಆದ್ರೆ ಅದು ಕಾಯೋದು ಸೌಂಡನ್ನು ನಂಬರ್ ಮಾಡುವ ಹಂತವನ್ನು ಮಾತ್ರ. ಮೈಕ್ ಒಳಗೆ ಒಡೆದದ್ದನ್ನು 32 ಬಿಟ್ ಅಲ್ಲ 64 ಬಿಟ್ ತಂದ್ರೂ ಅಂಟಿಸ್ಲಿಕ್ಕೆ ಆಗೋದಿಲ್ಲ.

ಸರಿ, ಬುದ್ಧಿ ಬಂತು ಅಂತ ಮರುವರ್ಷ ಎಕ್ಸ್ಎಲ್ಆರ್ (ಮೂರು ಪಿನ್ನಿನ ಮೈಕ್ ಸಾಕೆಟ್) ಇರುವ, 48 ವೋಲ್ಟ್ ಫ್ಯಾಂಟಮ್ (ಕೇಬಲಲ್ಲೇ ಮೈಕಿಗೆ ಹೋಗುವ ಪವರ್) ಕೊಡುವ ಒಂದು ಸೆಕೆಂಡ್ ಹ್ಯಾಂಡ್ ರೆಕಾರ್ಡರ್ ತಗೊಂಡೆ (ಎಫ್3 ಆಮೇಲೆ ಬಂದದ್ದು), ಎರಡು ಪೆನ್ಸಿಲ್ ಕಂಡೆನ್ಸರ್ ತಗೊಂಡೆ, ಡಿಸೆಂಬರಲ್ಲಿ ಬಯಲಾಟ, ಮಹಿಷಾಸುರ ಬರುವ ಪ್ರಸಂಗ. ಚೌಕಿಗೆ (ವೇಷ ಕಟ್ಟುವ ಜಾಗ) ಹೋಗಿ ಮ್ಯಾನೇಜರ್ ಹತ್ರ, ಭಾಗವತರ ಹತ್ರ ಕೇಳಿ ಸ್ಟ್ಯಾಂಡ್ ಇಟ್ಟೆ (ದಯವಿಟ್ಟು ಕೇಳದೆ ಇಡ್ಬೇಡಿ, ಕೇಳದೆ ಅಪ್‌ಲೋಡಂತೂ ಮಾಡ್ಲೇಬೇಡಿ). ಆಟ ಶುರುವಾಗೋ ಮೊದಲು ಚೆಂಡೆ ಮದ್ದಳೆ ಬಾರಿಸಿ 'ಕೇಳಿ' ಬಡಿಯುವಾಗಲೇ ಲೆವೆಲ್ ನೋಡ್ಕೊಂಡೆ, ಪ್ಯಾಡ್ ಹಾಕಿದೆ, ಹನ್ನೆರಡು ಗಂಟೆಯವರೆಗೂ ಬಂದ ಸೌಂಡ್ ಈಗ ಕೇಳಿದ್ರೂ ಮೈ ಜುಂ ಅಂತದೆ.

ಒಂದೂವರೆಗೆ ಎಡ ಚಾನೆಲ್‌ನಲ್ಲಿ ಚಟಪಟ ಶುರು. ಅವಲಕ್ಕಿ ಹುರಿದ ಹಾಗೆ. ಮೊದಲು ಕೇಬಲ್ ಅಂದ್ಕೊಂಡು ಬದಲಿಸಿದೆ, ಮತ್ತೂ ಹಾಗೇ. ಮೈಕ್ ಮುಟ್ಟಿ ನೋಡಿದ್ರೆ ಒದ್ದೆ. ಇಬ್ಬನಿ! ಗದ್ದೆ ಮಧ್ಯೆ ಡಿಸೆಂಬರ್ ರಾತ್ರಿ, ನನ್ನ ತಲೆಗೆ ಮಫ್ಲರ್ ಇತ್ತು, ಮೈಕಿಗೆ ಎಂತದೂ ಇಲ್ಲ. ಕಂಡೆನ್ಸರ್ ಕ್ಯಾಪ್ಸೂಲಲ್ಲಿ ಚಾರ್ಜ್ ನಿಂತಿರ್ತದೆ, ತೇವ ಕೂತ್ರೆ ಆ ಚಾರ್ಜ್ ಸೋರ್ಲಿಕ್ಕೆ ಶುರು, ಆ ಸೋರುವಿಕೆಯ ಸೌಂಡೇ ಈ ಚಟಪಟ. ಅದರ ಮೇಲೆ ನಾನು ಮೈಕ್‌ಗಳನ್ನು ಎಸಿ ಕಾರಲ್ಲಿ ತಂದು ತಣ್ಣಗಿರುವಾಗಲೇ ಸ್ಟ್ಯಾಂಡಿಗೆ ಸಿಕ್ಕಿಸಿದ್ದೆ, ಫ್ರಿಜ್ಜಿಂದ ತೆಗೆದ ಬಾಟಲಿ ಬೆವರುತ್ತಲ್ಲ ಹಾಗೆ, ಆಗಲೇ ಒಳಗೆ ತೇವ ಕೂತಿರ್ಬೇಕು. ಸೆನ್ಹೈಸರ್ ಎಂಕೆಎಚ್ ತರದ ಆರ್‌ಎಫ್ ಕಂಡೆನ್ಸರ್‌ಗಳಿಗೆ ಈ ಉಪದ್ರ ಬಹಳ ಕಮ್ಮಿ, ಅದಕ್ಕೇ ಕಾಡು ಮೇಡು ಸುತ್ತಿ ರೆಕಾರ್ಡ್ ಮಾಡೋರು ಅದನ್ನು ಬಿಡೋದಿಲ್ಲ, ರೇಟು ಮಾತ್ರ ಕೇಳ್ಬೇಡಿ. ನಾನೀಗ ಮೈಕ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡ್ತೇನೆ, ಆಟ ಶುರುವಾಗೋಕೆ ಒಂದು ಗಂಟೆ ಮೊದಲೇ ಹೊರಗಿನ ಗಾಳಿಗೆ ಒಗ್ಗಿಸ್ತೇನೆ, ಆಮೇಲೆ ರೋಮದ ವಿಂಡ್‌ಶೀಲ್ಡ್ ಹಾಕಿ ಬೆಳಗಿನವರೆಗೆ ತೆಗೆಯೋದಿಲ್ಲ.

ಚಟಪಟದ ತಲೆಬಿಸಿಯಲ್ಲಿ ಪವರ್ ಕಡೆ ನೋಡೋದು ಮರ್ತೇ ಹೋಯ್ತು. ರೆಕಾರ್ಡರ್‌ಗೆ ಪವರ್ ಬ್ಯಾಂಕ್ ಹಾಕಿದ್ದೆ, ಜೊತೆಗೆ ಒಳಗೆ ಎರಡು ಎಎ ಸೆಲ್. ಈ ಪವರ್ ಬ್ಯಾಂಕ್‌ಗಳು ಮೊಬೈಲಿಗೆ ಅಂತ ಮಾಡಿದ್ದು, ಎಳೆಯೋ ಕರೆಂಟ್ ತೀರ ಕಮ್ಮಿ ಆದ್ರೆ ಚಾರ್ಜ್ ಮುಗೀತು ಅಂತ ತಿಳ್ಕೊಂಡು ತಾನಾಗೇ ಮಲಗಿಬಿಡ್ತದೆ. ಯಾವಾಗ ಮಲಗಿತೋ ಗೊತ್ತಿಲ್ಲ. ರೆಕಾರ್ಡರ್ ಸದ್ದಿಲ್ಲದೆ ಸೆಲ್ಲಿಗೆ ಇಳಿದಿದೆ. ಫ್ಯಾಂಟಮ್ ಎಷ್ಟು ತಿನ್ನುತ್ತೆ ಅಂತ ಅಂದಾಜಿರ್ಲಿಲ್ಲ, ಒಂದೊಂದು ಮೈಕಿಗೆ 3 ಮಿಲಿ ಆಂಪ್, ಎರಡಕ್ಕೆ 6, ಎಂತ ಮಹಾ ಅಂತ. ಆದ್ರೆ ಅದು 48 ವೋಲ್ಟಲ್ಲಿ 6. ಮೂರು ವೋಲ್ಟಿನ ಸೆಲ್ಲಿಂದ ಅದನ್ನು ಮೇಲೆತ್ತುವಾಗ ಫ್ಯಾಂಟಮ್ ಒಂದಕ್ಕೇ ನೂರು ಮಿಲಿ ಆಂಪ್ ಮೇಲೆ ಹೋಗ್ತದೆ.

ಮಹಿಷಾಸುರ ಜನರ ಹಿಂದಿಂದ ಬರ್ತಾನೆ ಗೊತ್ತಲ್ಲ, ಸೂಟೆ (ತೆಂಗಿನ ಗರಿಯ ಪಂಜು), ಗರ್ನಾಲ್ (ಪಟಾಕಿ), ಡೋಲು, ಮಕ್ಕಳೆಲ್ಲ ಎದ್ದು ಓಡ್ತಾರೆ, ಸರಿಯಾಗಿ ನನ್ನ ಸ್ಟ್ಯಾಂಡ್ ಪಕ್ಕದಲ್ಲೇ ಹಾದು ಹೋದ. ಆ ಆರ್ಭಟ ಎರಡೂ ಕಿವಿಯಲ್ಲಿ ತುಂಬಿಕೊಂಡು ಖುಷಿಯಿಂದ ರೆಕಾರ್ಡರ್ ಕಡೆ ತಿರುಗಿದ್ರೆ ಸ್ಕ್ರೀನ್ ಕಪ್ಪು. ಫೈಲ್ ನಿಂತು ಏಳು ನಿಮಿಷ ಆಗಿತ್ತು.

ಮನೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿದೆ, ಇದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅಂಗಡಿಯಲ್ಲೇ ಮಾಡಿ. ಮಲ್ಟಿಮೀಟರ್ ಡಿಸಿಗೆ ಇಟ್ಟು ಎಕ್ಸ್ಎಲ್ಆರ್‌ನ ಒಂದನೇ ಪಿನ್‌ಗೂ ಎರಡನೇ ಪಿನ್‌ಗೂ ಹಿಡೀರಿ, ಆಮೇಲೆ ಒಂದಕ್ಕೂ ಮೂರಕ್ಕೂ. 44ರಿಂದ 52ರೊಳಗೆ ಬರ್ಬೇಕು. ನಂದು 46 ಬಂತು, ಸರಿ ಉಂಟಲ್ಲ ಅಂದ್ಕೊಂಡೆ. ಆದ್ರೆ ಒಂದು ಚಾನೆಲ್‌ಗೆ ಮೈಕ್ ಹಾಕಿ ಇನ್ನೊಂದರಲ್ಲಿ ಅಳೆದ್ರೆ 31! ಅಂದ್ರೆ ಬರೀ ತೋರಿಕೆಗೆ 48, ಭಾರ ಬಿದ್ದ ಕೂಡ್ಲೆ ಮೊಣಕಾಲು ಕುಸೀತದೆ. ಮೈಕಿನ 130 ಚಿಲ್ಲರೆ ಡೆಸಿಬಲ್ ಎಲ್ಲ ಪೂರ್ತಿ ಫ್ಯಾಂಟಮ್ ಸಿಕ್ಕಿದಾಗಿನ ಮಾತು. ಮಾರಿದವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಮಿಕ್ಸರ್‌ನಿಂದ ಒಂದು ವಯರ್ ಎಳ್ಕೊಳ್ಳಿ ಅಂತ ಸೌಂಡಿನವರು ಪ್ರೀತಿಯಿಂದ ಹೇಳ್ತಾರೆ, ಅದನ್ನೂ ಮಾಡಿ ನೋಡಿದ್ದೇನೆ. ಅದು ಲೈನ್ ಲೆವೆಲ್, ಮೈಕ್ ಇನ್‌ಗೆ ಹಾಕಿದ್ರೆ ಪುಡಿ ಪುಡಿ, ಫ್ಯಾಂಟಮ್ ಆನ್ ಇಟ್ಟು ಹಾಕಿದ್ರೆ ಅವರ ಮಿಕ್ಸರ್‌ಗೂ ಕುತ್ತು. ಲೈನ್ ಇನ್‌ಗೇ ಹಾಕಿದ್ರೂ ಚೆಂಡೆ ಅದರಲ್ಲಿ ಇರೋದೇ ಇಲ್ಲ ಅನ್ನಿ, ತಾನಾಗೇ ಊರಿಗೆ ಕೇಳುವ ಚೆಂಡೆಗೆ ಅವರ್ಯಾಕೆ ಸೌಂಡ್ ಕೊಡ್ತಾರೆ? ಭಾಗವತರ ಸ್ವರ, ಜಾಗಟೆ, ಮುಗೀತು.

ಪ್ರೀಆಂಪ್ ಅಂದ ಕೂಡ್ಲೆ ನಾಯ್ಸ್ ನಾಯ್ಸ್ ಅಂತ ಜಗಳ ಮಾಡ್ತಾರಲ್ಲ, ಆಟಕ್ಕೆ ಅದು ದೊಡ್ಡ ವಿಷಯವೇ ಅಲ್ಲ, ಗದ್ದೆಯ ಜೀರುಂಡೆಯೇ ಅದಕ್ಕಿಂತ ಜೋರು. ಮನೆಯೊಳಗೆ ಮೈಕಿಲ್ಲದ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ), ವೀಣೆ ಕಛೇರಿ ಅಂತಾದ್ರೆ ಆಗ ಹುಡುಕಿ ಒಳ್ಳೇ ಪ್ರೀಆಂಪ್, ಅಲ್ಲಿ ಅರ್ಥಧಾರಿ (ಪಾತ್ರದ ಮಾತಾಡುವವರು) ಉಸಿರು ತಗೊಂಡು ಸುಮ್ಮನಿರುವಾಗ ಹಿಂದೆ ಸೊಂಯ್ ಅಂದ್ರೆ ಎಲ್ಲ ಕೆಡ್ತದೆ. ಆಟೋ ಲೆವೆಲ್ (ರೆಕಾರ್ಡರ್ ತಾನಾಗೇ ಗೇನ್ ಏರಿಸಿ ಇಳಿಸೋದು) ಮಾತ್ರ ಎರಡೂ ಕಡೆ ಬಂದ್ ಮಾಡಿ. ಒಂದೊಂದು ಚೆಂಡೆ ಪೆಟ್ಟಿಗೂ ಅದು ಭಾಗವತರನ್ನು ಬಾವಿಗೆ ತಳ್ಳಿ ನಿಧಾನಕ್ಕೆ ಮೇಲೆ ಎಳೀತದೆ.

ಈಗ ನಾನು ಓಆರ್‌ಟಿಎಫ್ ಅನ್ನೋ ಸ್ಟೀರಿಯೋ ಜೋಡಣೆಯಲ್ಲಿ ಇಡ್ತೇನೆ, ಎರಡು ಕಾರ್ಡಿಯಾಯ್ಡ್ (ಎದುರಿನ ಸೌಂಡ್ ಜಾಸ್ತಿ ಹಿಡಿಯುವ) ಮೈಕ್, 17 ಸೆಂಟಿಮೀಟರ್ ದೂರ, 110 ಡಿಗ್ರಿ. ಸ್ಟ್ಯಾಂಡ್ ತೀರ ಎತ್ತರ ಮಾಡೋದಿಲ್ಲ, ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಚೆಂಡೆಯವರು ನಿಂತು ಬಾರಿಸ್ತಾರೆ, ಭಾಗವತರು ಕೂತಿರ್ತಾರೆ, ಎತ್ತರ ಮಾಡಿದಷ್ಟೂ ಮೈಕ್ ಮುಖ ಚೆಂಡೆಗೇ. ಸ್ಟ್ಯಾಂಡ್ ಕಾಲಿಗೆ ಐದು ಕಿಲೋ ಅಕ್ಕಿ ಚೀಲ. ಹೊಸ ಸೆಟ್ ಯಾವುದೇ ಬಂದ್ರೂ ಮೊದಲು ಚೆಂಡೆ ಕಲಿಯುವ ಪಕ್ಕದ ಮನೆ ಹುಡುಗನ ಎದುರು ಹತ್ತು ನಿಮಿಷ ಇಟ್ಟು, ಮನೆಗೆ ತಂದು ಜೂಮ್ ಮಾಡಿ ಅಲೆಯ ತಲೆ ನೋಡ್ತೇನೆ, ಮೀಟರ್ ಮಾತು ಕೇಳೋದಿಲ್ಲ. ಅವನಿಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ಖರ್ಚು.

ಆ 8,500ರ ಮೈಕ್ ಜೋಡಿ ಈಗಲೂ ಉಂಟು. ಯಾರೋ ದೇವಸ್ಥಾನದ ಜಾತ್ರೆ ರೆಕಾರ್ಡಿಂಗಿಗೆ ಅಂತ ಕೇಳಿದ್ರು, ಕೊಡ್ಲಿಲ್ಲ. ತಂಗಿ ಮಗಳ ವೀಣೆ ಪಾಠಕ್ಕೆ ಚೆನ್ನಾಗಿ ಕೆಲಸ ಮಾಡ್ತಾ ಉಂಟು.