ಫಾರ್ಮ್ಯಾಟ್ ಮಾಡದೆ ಎರಡೂ ಓಎಸ್ ಉಳಿಸಿಕೊಟ್ಟ ಅಂಗಡಿ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಮೊದಲ ಮಾಳಿಗೆಯಲ್ಲಿರುವ ಈ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ನಾನು ಹೋದದ್ದು ಒಂದೇ ಸಲ. ಆ ಒಂದು ಸಲದ ಕೆಲಸ ನೋಡಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇಟ್ಟುಕೊಂಡವರು ನಮ್ಮ ಕಡೆ ಸುಮಾರು ಜನ ಇದ್ದೇವೆ, ಅದರಲ್ಲೂ ಟೀಚರುಗಳು. ಬೂಟ್ ಆಗದೆ, ಅಂದರೆ ಆನ್ ಮಾಡಿದಾಗ ಓಎಸ್ ಶುರುವಾಗದೆ, ಕಪ್ಪು ಪರದೆ ಬಂದರೆ ಎಲ್ಲಿಗೆ ಓಡುವುದು ಅಂತ ಗೊತ್ತಾಗುವುದಿಲ್ಲ. ಅವರಿಗಾಗಿ ಇದು.

ಎರಡು ಓಎಸ್ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುತ್ತೇನೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಲಿನಕ್ಸಿನಲ್ಲಿ. ಶಾಲೆಗಳ ಐಟಿ ಕಲಿಕೆ ನೋಡಿಕೊಳ್ಳುವ ಸರಕಾರಿ ಯೋಜನೆ ಐಟಿ ಅಟ್ ಸ್ಕೂಲ್ ಇದ್ದ ಕಾಲದಲ್ಲೂ ಹಾಗೆ, 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪನಿ ಆದ ಮೇಲೂ ಹಾಗೆಯೇ. ಮಕ್ಕಳಿಗೆ ಗಣಿತದ ಜಿಯೋಜಿಬ್ರಾ, ಚಿತ್ರದ ಗಿಂಪ್, ಇಂಕ್‌ಸ್ಕೇಪ್ ಕಲಿಸಬೇಕಾದರೆ ಮನೆಯಲ್ಲಿ ನಾನೂ ಅದರಲ್ಲೇ ಮಾಡಿ ನೋಡಬೇಕಲ್ವಾ? ಹಾಗಾಗಿ ಉಬುಂಟು ಎಂಬ ಲಿನಕ್ಸಿನ 22.04 ಆವೃತ್ತಿಯ ಮೇಲೆ ಕಟ್ಟಿದ ಕೈಟ್ ಲಿನಕ್ಸ್ ಹಾಕಿಸಿಕೊಂಡಿದ್ದೇನೆ. ಆದರೆ ಶಾಲೆಯ ವಾರ್ಷಿಕ ಸಂಚಿಕೆಯ ಕೆಲಸವೂ ನನ್ನದೇ. ನಮ್ಮ ಪ್ರೆಸ್ಸಿನವರು ಫೈಲನ್ನು ನುಡಿ ಫಾಂಟಿನಲ್ಲೇ ಕೇಳುತ್ತಾರೆ, ಪೇಜ್‌ಮೇಕರಿನಲ್ಲಿ ಪುಟ ಕಟ್ಟುತ್ತಾರೆ. ಅದಕ್ಕೆ ವಿಂಡೋಸ್ ಬೇಕೇ ಬೇಕು. ಒಂದನ್ನು ಬಿಡಿ ಅಂದರೆ ನನಗೆ ಆಗುವುದಿಲ್ಲ.

ಲ್ಯಾಪ್‌ಟಾಪ್ ಹಳೆಯದು. ಸಿ, ಡಿ, ಇ ಅಂತ ಮೂರು ಡ್ರೈವ್, ಕೊನೆಯಲ್ಲಿ ಲಿನಕ್ಸಿನ ಜಾಗ. ನವೆಂಬರಿನಲ್ಲಿ ಉಪಜಿಲ್ಲಾ ಕಲೋತ್ಸವದ ವಿಡಿಯೋಗಳನ್ನೆಲ್ಲ ತುಂಬಿಸಿದಾಗ ಡಿ ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ಇ ಡ್ರೈವ್ ಖಾಲಿ ಇತ್ತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇ ಅಳಿಸಿ ಡಿಗೆ ಸೇರಿಸಿದೆ. ಎಲ್ಲ ಸರಿಯಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ. 'ನೋ ಸಚ್ ಪಾರ್ಟಿಶನ್', ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಅಂತ ಒಂದು ಸಾಲು, ಮಿನುಗುವ ಕರ್ಸರ್. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಸಂಚಿಕೆಯ ಅರುವತ್ತು ಪುಟ ಅದರೊಳಗೆ. ಮಕ್ಕಳು ಕೈಯಲ್ಲಿ ಬರೆದು ಕೊಟ್ಟ ಕತೆ, ಪದ್ಯ, ಕಯ್ಯಾರ ಕಿಞ್ಞಣ್ಣ ರೈಗಳ ಮೇಲೆ ಎಂಟನೇ ಕ್ಲಾಸಿನ ಹುಡುಗಿ ಬರೆದ ಲೇಖನ, ಎಲ್ಲವನ್ನೂ ನಾನು ಒಂದು ತಿಂಗಳು ರಾತ್ರಿ ಕೂತು ಟೈಪ್ ಮಾಡಿದ್ದು. ಹೊಟ್ಟೆಯೊಳಗೆ ತಣ್ಣಗಾಯಿತು.

ಮೊದಲು ಮನೆಗೆ ಹತ್ತಿರದ ಒಂದು ಅಂಗಡಿಗೆ ಕೊಂಡುಹೋದೆ. ಅಲ್ಲಿ ಆನ್ ಮಾಡಿ ಅರ್ಧ ನಿಮಿಷ ನೋಡಿದರು. "ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು, ಲಿನಕ್ಸ್ ಎಲ್ಲ ಯಾಕೆ ಟೀಚರ್ ನಿಮ್ಗೆ" ಅಂದರು. ಡೇಟಾ ಬೇಕಾದರೆ ಅದಕ್ಕೆ ಬೇರೆ ಚಾರ್ಜು, ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲವಂತೆ. ನಾನು ಲ್ಯಾಪ್‌ಟಾಪ್ ಮಡಚಿ ಎದ್ದು ಬಂದೆ. ಈಗ ಯೋಚಿಸಿದರೆ ಅಲ್ಲಿ ಹೂಂ ಅಂದಿದ್ದರೆ ಏನಾಗುತ್ತಿತ್ತು ಅಂತ ಭಯವಾಗುತ್ತದೆ. ಯಾಕೆಂದರೆ ನನ್ನ ಡಿಸ್ಕಿನಲ್ಲಿ ಒಂದೇ ಒಂದು ಫೈಲೂ ಹಾಳಾಗಿರಲಿಲ್ಲ.

ಶನಿವಾರ ಬಸ್ ಹತ್ತಿ ಚೆರ್ಕಳ ದಾರಿಯಾಗಿ ಕಾಸರಗೋಡಿಗೆ ಹೋದೆ. ಇನ್ನೊಂದು ಶಾಲೆಯ ಮಾಷ್ಟ್ರು ಹೇಳಿದ ಅಂಗಡಿ ಇದು. ಚಿಕ್ಕದು, ಎರಡು ಮೇಜು, ಗೋಡೆಯ ತುಂಬ ಹಳೆ ಚಾರ್ಜರುಗಳು. ಕೆಲಸ ಮಾಡುವವರು ಮೂವತ್ತು ದಾಟಿದವರು ಇರಬಹುದು. ಮಲಯಾಳ, ತುಳು, ಕನ್ನಡ ಮೂರೂ ಸಲೀಸಾಗಿ ಬರುತ್ತದೆ. ನಾನು ಕನ್ನಡದಲ್ಲಿ ಶುರು ಮಾಡಿದೆ, ಅವರು ಕೊನೆಯವರೆಗೂ ಕನ್ನಡದಲ್ಲೇ ಮಾತಾಡಿದರು. ಪರದೆ ನೋಡಿ ಅವರು ಕೇಳಿದ ಮೊದಲ ಮಾತು: "ಇದು ಹೀಗೆ ಆಗುವ ಮೊದಲು ಎಂತ ಮಾಡಿದ್ರಿ ಟೀಚರೇ?" ಹಿಂದಿನ ಅಂಗಡಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಇ ಡ್ರೈವ್ ಅಳಿಸಿದ ಕತೆ ಹೇಳಿದೆ. "ಹಾಗಾದ್ರೆ ಫಾರ್ಮ್ಯಾಟ್ ಎಂತಕ್ಕೆ? ಎಲ್ಲ ಉಂಟು ಒಳಗೆ, ದಾರಿ ತಪ್ಪಿದ್ದು ಅಷ್ಟೆ" ಅಂದರು.

ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆಗೆ ಅರ್ಧ ತಿರುಗಿಸಿ ಇಟ್ಟರು. ನನಗೆ ಅತಿ ಇಷ್ಟವಾದದ್ದು ಇದು. ಏನು ಟೈಪ್ ಮಾಡುತ್ತಿದ್ದಾರೆ, ಏನು ಬರುತ್ತಿದೆ ಅಂತ ಎಲ್ಲ ಕಾಣುತ್ತಿತ್ತು. ನನ್ನದು ಎಂಬಿಆರ್ ಡಿಸ್ಕ್, ಅಂದರೆ ಡಿಸ್ಕನ್ನು ಪಾರ್ಟಿಶನ್ ಎಂಬ ಭಾಗಗಳಾಗಿ ವಿಂಗಡಿಸುವ ಹಳೆ ಮಾದರಿಯದು. ಅದರಲ್ಲಿ ಮುಖ್ಯ ಪಾರ್ಟಿಶನ್ ನಾಲ್ಕಕ್ಕಿಂತ ಜಾಸ್ತಿ ಇರಲಿಕ್ಕೆ ಆಗುವುದಿಲ್ಲವಂತೆ. ಹೆಚ್ಚು ಬೇಕಾದರೆ ಒಂದನ್ನು ದೊಡ್ಡ ಪೆಟ್ಟಿಗೆಯ ಹಾಗೆ ಮಾಡಿ ಅದರೊಳಗೆ ಉಳಿದವನ್ನು ಇಡುತ್ತಾರೆ, ಒಳಗಿನವಕ್ಕೆ 5ರಿಂದ ನಂಬರು ಶುರು. ನನ್ನ ಡಿ 5, ಇ 6, ಲಿನಕ್ಸ್ 7. ನಾನು 6ನ್ನು ಅಳಿಸಿದ ಕೂಡಲೇ 7 ಇದ್ದದ್ದು 6 ಆಯಿತು. ಆದರೆ ಡಿಸ್ಕಿನ ಆರಂಭದಲ್ಲಿ ಕೂತಿರುವ ಗ್ರಬ್‌ಗೆ, ಅಂದರೆ ವಿಂಡೋಸೋ ಲಿನಕ್ಸೋ ಅಂತ ಕೇಳುವ ಆ ಪ್ರೋಗ್ರಾಮಿಗೆ, ಇದು ಗೊತ್ತಿಲ್ಲ. ಅದರ ಉಳಿದ ಫೈಲುಗಳೆಲ್ಲ ಲಿನಕ್ಸಿನ ಜಾಗದಲ್ಲಿವೆ. ಅದು 7ನ್ನೇ ಹುಡುಕುತ್ತದೆ. 7 ಇಲ್ಲ. "ವಾರ್ಡ್ ಬದಲಾದಾಗ ಪಂಚಾಯತಿನವ್ರು ಮನೆ ನಂಬ್ರ ಬದಲಿಸ್ತಾರಲ್ಲ, ಪೋಸ್ಟ್‌ಮ್ಯಾನ್ ಕೈಯಲ್ಲಿ ಹಳೆ ನಂಬ್ರ ಇದ್ದ ಹಾಗೆ. ಮನೆ ಅಲ್ಲೇ ಉಂಟು" ಅಂದರು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಆದದ್ದೇ ಅಲ್ವಾ ಇದು, ತಕ್ಷಣ ಅರ್ಥವಾಯಿತು.

ಹಾಗೆ ಹೇಳುತ್ತಲೇ ಆ ಕಪ್ಪು ಪರದೆಯಲ್ಲೇ ಟೈಪ್ ಮಾಡಿದರು. ಎಲ್‌ಎಸ್ ಅಂತ ಹೊಡೆದರೆ ಇರುವ ಪಾರ್ಟಿಶನ್‌ಗಳ ಪಟ್ಟಿ ಬರುತ್ತದೆ. ಒಂದೊಂದನ್ನೇ ತೆರೆದು ನೋಡಿ 6ರಲ್ಲಿ ಲಿನಕ್ಸ್ ಫೋಲ್ಡರುಗಳು ಕಂಡಾಗ ನನಗೆ ತೋರಿಸಿದರು. ಆಮೇಲೆ ಸೆಟ್ ರೂಟ್, ಸೆಟ್ ಪ್ರಿಫಿಕ್ಸ್ ಅಂತ ಎರಡು ಸಾಲಿನಲ್ಲಿ ಹೊಸ ನಂಬರು ಕೊಟ್ಟರು. ಇನ್ಸ್‌ಮಾಡ್ ನಾರ್ಮಲ್, ಕೊನೆಗೆ ನಾರ್ಮಲ್. ನನ್ನ ಹಳೆ ಮೆನು ಬಂತು! ಐದು ನಿಮಿಷವೂ ಆಗಿರಲಿಲ್ಲ. ನಿಜವಾಗಿ ಕಣ್ಣಲ್ಲಿ ನೀರು ಬಂತು.

ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಆ ಸಾಲುಗಳು ಆ ಒಂದು ಸಲಕ್ಕೆ ಮಾತ್ರ, ಆಫ್ ಮಾಡಿದರೆ ಮತ್ತೆ ಅದೇ ಕತೆ. ಲಿನಕ್ಸ್ ಒಳಗೆ ಹೋಗಿ ಮೊದಲು ಸಂಚಿಕೆಯ ಫೋಲ್ಡರನ್ನು ನನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿಸಿದರು, ನಾನು ಕೇಳುವ ಮೊದಲೇ. ಆಮೇಲೆ ಗ್ರಬ್ ಇನ್‌ಸ್ಟಾಲ್ ಕಮಾಂಡ್ ಕೊಟ್ಟು ಗ್ರಬ್ಬನ್ನು ಡಿಸ್ಕಿಗೆ ಹೊಸದಾಗಿ ಬರೆದರು, ಅಪ್‌ಡೇಟ್ ಗ್ರಬ್ ಅಂತ ಮೆನು ಹೊಸತು ಮಾಡಿದರು. ಆಗ ಇನ್ನೊಂದು ತೊಂದರೆ. ಮೆನುವಿನಲ್ಲಿ ಲಿನಕ್ಸ್ ಮಾತ್ರ, ವಿಂಡೋಸ್ ಕಾಣೆ. ಇದಕ್ಕೂ ಅವರು ಗಾಬರಿಯಾಗಲಿಲ್ಲ. ಗ್ರಬ್ 2.06ರಿಂದ ಈಚೆಗೆ ಬೇರೆ ಓಎಸ್ ಹುಡುಕುವ ಓಎಸ್ ಪ್ರೋಬರ್ ಅನ್ನು ಭದ್ರತೆಗೆ ಅಂತ ತಾನಾಗಿ ಓಡದ ಹಾಗೆ ಇಟ್ಟಿದ್ದಾರಂತೆ. ಗ್ರಬ್ಬಿನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡುವ ಒಂದು ಸಾಲು ಸೇರಿಸಿ ಮತ್ತೆ ಅಪ್‌ಡೇಟ್ ಕೊಟ್ಟರು. ವಿಂಡೋಸ್ ಬಂತು. ಎರಡನ್ನೂ ಮೂರು ಮೂರು ಸಲ ಆನ್ ಆಫ್ ಮಾಡಿ ತೋರಿಸಿದರು.

ವಿಂಡೋಸ್ ಸಿಡಿ ಹಾಕಿ ಫಿಕ್ಸ್ ಎಂಬಿಆರ್ ಎಂಬ ಕಮಾಂಡ್ ಕೊಟ್ಟರೂ ಸರಿಯಾಗುತ್ತದೆ ಅಂತ ನನಗೆ ಒಬ್ಬರು ಹೇಳಿದ್ದರು. ಅದನ್ನೂ ಕೇಳಿದೆ. ಅದರಿಂದ ವಿಂಡೋಸ್ ಮಾತ್ರ ಏಳುತ್ತದೆ, ಗ್ರಬ್ ಅಳಿಸಿಹೋಗಿ ಲಿನಕ್ಸಿಗೆ ಹೋಗುವ ದಾರಿ ಮುಚ್ಚುತ್ತದೆ ಅಂದರು.

ನಾನು ಕೇಳದೆ ಸರಿಮಾಡಿಕೊಟ್ಟದ್ದು ಎರಡು. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತಿತ್ತು, ವರ್ಷಗಟ್ಟಲೆ ಹಾಗೆಯೇ ಇತ್ತು, ಬ್ಯಾಟರಿ ಹೋಗಿದೆ ಅಂದುಕೊಂಡಿದ್ದೆ. ಬ್ಯಾಟರಿ ಅಲ್ಲವಂತೆ. ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ನಮ್ಮ ಊರಿನ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಂತ ಇಡುತ್ತದೆ, ನಮ್ಮ ಸಮಯ ಅದಕ್ಕಿಂತ 5.30 ಗಂಟೆ ಮುಂದೆ, ಆ ವ್ಯತ್ಯಾಸವೇ ಇದು. ಲಿನಕ್ಸಿನಲ್ಲಿ ಒಂದು ಕಮಾಂಡಿನಿಂದ ಸರಿಯಾಯಿತು. ಎರಡನೆಯದು ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ, ಆಗ ಲಿನಕ್ಸಿನಿಂದ ಡಿ ಡ್ರೈವಿಗೆ ಏನೂ ಸೇವ್ ಮಾಡಲಿಕ್ಕೆ ಬಿಡುವುದಿಲ್ಲ. ಅದನ್ನು ಆಫ್ ಮಾಡಿದರು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತಲ್ಲ, ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕಾ ಅಂತ ಕೇಳಿದೆ. ಮಾರುವ ಅವಕಾಶ ಇದ್ದರೂ ಅವರು ಹಾಗೆ ಹೇಳಲಿಲ್ಲ. ನೆಟ್, ಬ್ಯಾಂಕಿನ ಕೆಲಸ ಎಲ್ಲ ಲಿನಕ್ಸಿನಲ್ಲಿ ಮಾಡಿ, ವಿಂಡೋಸನ್ನು ನುಡಿಗೆ ಮಾತ್ರ ನೆಟ್ ಇಲ್ಲದೆ ಬಳಸಿ ಅಂದರು. ಸರಿಯಾದ ಮಾತು ಅಂತ ನನಗನಿಸಿತು, ಈಗ ಹಾಗೆಯೇ ಮಾಡುತ್ತಿದ್ದೇನೆ.

ಒಂದು ವಿಷಯದಲ್ಲಿ ನನಗೆ ಬೇಸರ ಇದೆ. ಎಲ್ಲ ಮುಗಿದ ಮೇಲೆ ಹಾರ್ಡ್ ಡಿಸ್ಕಿನ ಆರೋಗ್ಯ ನೋಡಿ, ಕೆಲವು ಸೆಕ್ಟರು (ಡೇಟಾ ಇಡುವ ಸಣ್ಣ ತುಂಡುಗಳು) ಕೆಟ್ಟಿದೆ, ಬೇಗ ಹೊಸ ಮಾದರಿಯ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ ಅಂದರು. ಇದನ್ನು ಮೊದಲೇ ನೋಡಬೇಕಿತ್ತು. ಡಿಸ್ಕೇ ದುರ್ಬಲ ಇದ್ದಾಗ ಅದರ ಮೇಲೆ ಬರೆಯುವ ಮೊದಲು ಬರೀ ಸಂಚಿಕೆ ಅಲ್ಲ, ಎಲ್ಲ ಫೈಲನ್ನೂ ತೆಗೆದಿಡುವುದು ಕ್ರಮ. ಅವರಿಗೂ ಹೇಳಿದೆ, ಹೌದು ಅಂತ ಒಪ್ಪಿಕೊಂಡರು. ನೀವು ಹೋದರೆ ಮೊದಲೇ ಕೇಳಿ. ಬಿಲ್ ಕೂಡ ಕೇಳಿದರೆ ಮಾತ್ರ ಕೊಡುತ್ತಾರೆ. ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರಿಗೆ ಕಷ್ಟ. ಫೋನ್ ಒಂದೇ ಸಲಕ್ಕೆ ತೆಗೆಯುವುದಿಲ್ಲ.

ತೆಗೆದುಕೊಂಡದ್ದು 500 ರೂಪಾಯಿ, ಕೂತದ್ದು ಒಂದೂವರೆ ಗಂಟೆ. ಆ ಸಾಲುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು, ಇನ್ನೊಮ್ಮೆ ಹೀಗಾದರೆ ಬಸ್ ಹತ್ತುವುದು ಬೇಡ ಅಂತ. ಚೀಟಿಯನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಟ್ಟಿದ್ದೇನೆ.

ಯುಇಎಫ್‌ಐ ಎಂಬ ಹೊಸ ಬೂಟ್ ವ್ಯವಸ್ಥೆಯ ಲ್ಯಾಪ್‌ಟಾಪ್ ಇರುವವರಿಗೆ ತೊಂದರೆ ಬೇರೆ ರೀತಿ ಬರುತ್ತದೆ. ಅಪ್‌ಡೇಟ್ ಆದ ಮೇಲೆ ಮೆನುವೇ ಬಾರದೆ ನೇರ ವಿಂಡೋಸಿಗೆ ಹೋದರೆ, ಬಯೋಸಿಗೆ (ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಬೂಟ್ ಪಟ್ಟಿಯಲ್ಲಿ ಉಬುಂಟುವನ್ನು ಮೇಲೆ ತಂದು ನೋಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದಂತೆ. ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡ ಮೇಲೆಯೇ ಕೈ ಹಾಕಿ. ಅಂಗಡಿಗೆ ಹೋಗುವಾಗ ಚಾರ್ಜರ್, ಆ ಕೀ, ಒಂದು ಖಾಲಿ ಪೆನ್‌ಡ್ರೈವ್ ಹಿಡಿದುಕೊಳ್ಳಿ. ಶುಕ್ರವಾರ ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿ ಮುಚ್ಚಿರುತ್ತದೆ, ಅದು ಬಿಟ್ಟು ಹೋಗಿ.